ಮೇವಿನ ಸತ್ವವೂ ರಾಸುಗಳ ಸಂಖ್ಯೆಯೂ

ಒಂದು ಗೋಮಾಳದ ಮೇಲೆ ಎಷ್ಟು ರಾಸುಗಳನ್ನು ಮೇಯಿಸಬಹುದು, ಒಂದು ಬಣವೆಯಿಂದ ಎಷ್ಟು ರಾಸುಗಳನ್ನು ಬೇಸಗೆ ದಾಟಿಸಬಹುದು ಎಂಬ ಪ್ರಶ್ನೆಗೆ ರೈತರು ಸಾಮಾನ್ಯವಾಗಿ ಕಣ್ಣಳತೆಯಿಂದಲೇ ಉತ್ತರವನ್ನು ಕಂಡುಕೊಳ್ಳುವರು. ಹುಲ್ಲು ಎತ್ತರವಾಗಿ ಬೆಳೆದಿದ್ದರೆ, ಬಣವೆ ದೊಡ್ಡದಾಗಿದ್ದರೆ, ಆ ವರ್ಷ ಮೇವಿನ ಚಿಂತೆಯಿಲ್ಲವೆಂದು ಭಾವಿಸುವುದು ವಾಡಿಕೆ. ಆದರೆ ಹುಲ್ಲು ಇನ್ನೂ ಉಳಿದಿರುವಾಗಲೇ ದನಗಳು ಬಡಕಲಾಗಿ, ಹಸುಗಳು ಬೆದೆಗೆ ಬಾರದೆ, ಎಳೆಗರುಗಳು ಏಳಿಗೆಯಿಲ್ಲದೆ ಸಾಯುವುದನ್ನು ಅನೇಕ ಗ್ರಾಮಗಳಲ್ಲಿ ಕಾಣಬಹುದಾಗಿದೆ. ಬಣವೆ ತೀರದಿದ್ದರೂ ಮಂದೆ ಕ್ಷೀಣಿಸುವುದೇಕೆ? ಈ ಪ್ರಶ್ನೆಗೆ ಪಶುಪೋಷಣ ಶಾಸ್ತ್ರವು ಒಂದು ಉತ್ತರವನ್ನು ಕೊಟ್ಟಿರುವುದಲ್ಲದೆ, ಗಣಿತಶಾಸ್ತ್ರವೂ ಕಳೆದ ಕೆಲವು ದಶಕಗಳಲ್ಲಿ ಅದೇ ಉತ್ತರವನ್ನು ಲೆಕ್ಕದ ರೂಪದಲ್ಲಿ ಸ್ಪಷ್ಟಪಡಿಸಿದೆ. ಆ ಲೆಕ್ಕವು ಕಠಿಣವಾದುದಲ್ಲ. ಕೂಡುವುದು, ಕಳೆಯುವುದು, ಭಾಗಿಸುವುದು ಬಲ್ಲವರೆಲ್ಲರೂ ಅದರ ಸಾರವನ್ನು ಗ್ರಹಿಸಿ ತಮ್ಮ ಹಟ್ಟಿಯಲ್ಲಿ ಉಪಯೋಗಿಸಿಕೊಳ್ಳಬಹುದು.

೧. ಸಂಖ್ಯೆಯ ಹಳೆಯ ಲೆಕ್ಕ

ಪ್ರಾಣಿಗಳ ಸಂಖ್ಯೆಯು ಆಹಾರದ ಮಿತಿಗೆ ಒಳಪಟ್ಟಿದೆ ಎಂಬ ವಿಷಯವನ್ನು ಇಂಗ್ಲೆಂಡಿನ ಮಾಲ್ತಸ್ ಎಂಬ ವಿದ್ವಾಂಸನು ೧೭೯೮ರಲ್ಲಿ ಮನುಷ್ಯರ ವಿಚಾರವಾಗಿ ಪ್ರತಿಪಾದಿಸಿದನು. ೧೮೩೮ರಲ್ಲಿ ಬೆಲ್ಜಿಯಂ ದೇಶದ ವೆರ್‌ಹುಲ್ಸ್ಟ್ ಎಂಬ ಗಣಿತಜ್ಞನು ಇದಕ್ಕೆ ಒಂದು ಸಮೀಕರಣದ ರೂಪವನ್ನು ಕೊಟ್ಟನು. ಅದರ ತಾತ್ಪರ್ಯವು ಹೀಗಿದೆ: ಪ್ರತಿಯೊಂದು ಭೂಮಿಗೂ ಇಷ್ಟೇ ಪ್ರಾಣಿಗಳನ್ನು ತಾಳುವ ಶಕ್ತಿಯಿರುತ್ತದೆ. ಇದನ್ನು ಧಾರಣಶಕ್ತಿ ಎನ್ನಬಹುದು. ಮಂದೆಯ ಸಂಖ್ಯೆಯು ಧಾರಣಶಕ್ತಿಗೆ ಸಮೀಪವಾದಷ್ಟೂ ಅದರ ವೃದ್ಧಿಯ ವೇಗವು ಕುಗ್ಗುತ್ತದೆ.

ಉದಾಹರಣೆಗಾಗಿ, ಒಂದು ಭೂಮಿಯ ಧಾರಣಶಕ್ತಿಯು ೨೦೦ ರಾಸುಗಳೆಂದೂ, ಯಾವ ಅಡ್ಡಿಯೂ ಇಲ್ಲದಿದ್ದಲ್ಲಿ ಮಂದೆಯು ವರ್ಷಕ್ಕೆ ನೂರಕ್ಕೆ ೨೦ರಂತೆ ಬೆಳೆಯುವುದೆಂದೂ ಇಟ್ಟುಕೊಳ್ಳಬಹುದು. ಮಂದೆಯಲ್ಲಿ ೧೦೦ ರಾಸುಗಳಿರುವಾಗ ಭೂಮಿಯ ಅರ್ಧಭಾಗವು ಮಾತ್ರ ಬಿಡುವಾಗಿರುತ್ತದೆ. ಆದಕಾರಣ ವೃದ್ಧಿಯು ೨೦ರ ಅರ್ಧ, ಎಂದರೆ ವರ್ಷಕ್ಕೆ ೧೦ ರಾಸುಗಳು. ೧೮೦ ರಾಸುಗಳಿರುವಾಗ ಹತ್ತನೆಯ ಒಂದು ಭಾಗ ಮಾತ್ರ ಬಿಡುವು. ಆಗ ೧೮೦ಕ್ಕೆ ಬರಬೇಕಾಗಿದ್ದ ೩೬ರ ಬದಲು ಮೂರು ನಾಲ್ಕು ರಾಸುಗಳು ಮಾತ್ರ ಹೆಚ್ಚುವುವು. ೨೦೦ಕ್ಕೆ ಬಂದಾಗ ವೃದ್ಧಿಯು ನಿಂತುಹೋಗುತ್ತದೆ. ಅದನ್ನು ಮೀರಿದರೆ ಸಂಖ್ಯೆಯು ತಾನಾಗಿಯೇ ಇಳಿಯುತ್ತದೆ.

ಅನಂತರ ಅಮೆರಿಕದ ಲೋಟ್ಕ ಎಂಬವನು ೧೯೨೫ರಲ್ಲಿಯೂ, ಇಟಲಿಯ ವೋಲ್ಟೆರ ಎಂಬವನು ೧೯೨೬ರಲ್ಲಿಯೂ ಇನ್ನೊಂದು ಹೆಜ್ಜೆ ಮುಂದುವರಿಸಿದರು. ತಿನ್ನುವ ಪ್ರಾಣಿಗೂ ತಿನ್ನಲ್ಪಡುವ ವಸ್ತುವಿಗೂ ಬೇರೆ ಬೇರೆ ಸಮೀಕರಣಗಳನ್ನು ಬರೆದು, ಒಂದು ಹೆಚ್ಚಿದರೆ ಮತ್ತೊಂದು ಹೇಗೆ ಕುಗ್ಗುವುದೆಂಬುದನ್ನು ಅವರು ತೋರಿಸಿದರು. ಈ ಲೆಕ್ಕಗಳನ್ನು ಹುಲ್ಲಿಗೂ ದನಕ್ಕೂ ಅನ್ವಯಿಸಿದಾಗ, ದನಗಳು ಹೆಚ್ಚಿದರೆ ಹುಲ್ಲು ಕುಗ್ಗುವುದು, ಹುಲ್ಲು ಕುಗ್ಗಿದರೆ ದನಗಳು ಕುಗ್ಗುವುವು, ಆಮೇಲೆ ಹುಲ್ಲು ಚೇತರಿಸಿಕೊಳ್ಳುವುದು ಎಂಬ ಏರಿಳಿತವು ಹೊರಪಡುತ್ತದೆ.

ಈ ಲೆಕ್ಕಗಳೆಲ್ಲವೂ ಉಪಯುಕ್ತವಾದುವೇ ಸರಿ. ಆದರೆ ಇವುಗಳಲ್ಲಿ ಒಂದು ಕೊರತೆಯುಂಟು. ಒಂದು ಕಿಲೋ ಹುಲ್ಲು ಎಂದಿಗೂ ಒಂದು ಕಿಲೋ ಹುಲ್ಲೇ ಎಂದು ಇವು ಭಾವಿಸುತ್ತವೆ. ಮುಂಗಾರಿನಲ್ಲಿ ಚಿಗುರಿದ ಗರಿಕೆಯನ್ನೂ ಮಾರ್ಚಿ ತಿಂಗಳಲ್ಲಿ ಒಣಗಿ ನಿಂತ ಕರಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಒಂದೇ ಬೆಲೆ ಕಟ್ಟುತ್ತವೆ. ದನಗಳು ಹಾಗೆ ಬೆಲೆ ಕಟ್ಟುವುದಿಲ್ಲ.

೨. ಸತ್ವವೆಂದರೆ ಏನು?

ಮೇವಿನ ಸತ್ವವನ್ನು ಅಳೆಯಲು ಅನೇಕ ಮಾನಗಳಿರುವುವು. ಒಣ ಪ್ರದೇಶದ ರೈತನಿಗೆ ಅವುಗಳಲ್ಲಿ ಮುಖ್ಯವಾದುದು ಸಸಾರಜನಕ, ಅಥವಾ ಈಗ ಬಳಕೆಯಲ್ಲಿರುವಂತೆ ಪ್ರೋಟೀನು. ಮೇವಿನಲ್ಲಿರುವ ಸಾರಜನಕದ ತೂಕವನ್ನು ೬.೨೫ರಿಂದ ಗುಣಿಸಿ ಇದನ್ನು ಲೆಕ್ಕ ಹಾಕುವರು. ಎಳೆಯ ಹುಲ್ಲಿನ ಒಣ ತೂಕದಲ್ಲಿ ನೂರಕ್ಕೆ ೧೦ಕ್ಕೂ ಮೇಲ್ಪಟ್ಟು ಪ್ರೋಟೀನು ಇರುವುದುಂಟು. ಹುಲ್ಲು ಹೂಬಿಟ್ಟು, ಬೀಜ ಉದುರಿಸಿ, ನಿಂತಲ್ಲಿಯೇ ಒಣಗಿದಾಗ ಅದು ನೂರಕ್ಕೆ ೩-೪ಕ್ಕೆ ಇಳಿಯುತ್ತದೆ. ಬತ್ತದ ಹುಲ್ಲೂ ರಾಗಿಹುಲ್ಲೂ ಹೆಚ್ಚುಕಡಮೆ ಇದೇ ಮಟ್ಟದವು. ಆದರೆ ಜೀರ್ಣವಾಗುವ ಗುಣದಲ್ಲಿ ರಾಗಿಹುಲ್ಲು ಬತ್ತದ ಹುಲ್ಲಿಗಿಂತ ಮೇಲು.

ಮೆಲುಕು ಹಾಕುವ ಪ್ರಾಣಿಗಳು ನಾರನ್ನು ತಾವೇ ಜೀರ್ಣಿಸಿಕೊಳ್ಳಲಾರವು. ಅವುಗಳ ಮೊದಲನೆಯ ಹೊಟ್ಟೆಯಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡುತ್ತವೆ. ಈ ಜೀವಿಗಳು ಬೆಳೆಯಬೇಕಾದರೆ ಸಾರಜನಕವು ಬೇಕು. ಮೇವಿನಲ್ಲಿ ಪ್ರೋಟೀನಿನ ಅಂಶವು ನೂರಕ್ಕೆ ಸುಮಾರು ೭ಕ್ಕಿಂತ ಕಡಮೆಯಾದಾಗ ಅವು ಹಸಿದು ಕ್ಷೀಣಿಸುತ್ತವೆ. ಆಗ ನಾರು ಬೇಗನೆ ಕರಗದೆ ಹೊಟ್ಟೆಯಲ್ಲಿಯೇ ಉಳಿಯುತ್ತದೆ; ಹೊಟ್ಟೆ ತುಂಬಿದಂತಿರುವುದರಿಂದ ದನವು ಮೇಯುವುದನ್ನು ನಿಲ್ಲಿಸುತ್ತದೆ. ಸತ್ವ ಕಡಮೆಯಾದ ಮೇವನ್ನು ಹೆಚ್ಚಾಗಿ ತಿಂದು ದನವು ಕೊರತೆಯನ್ನು ತುಂಬಿಕೊಳ್ಳಬಹುದೆಂಬ ಊಹೆಯು ಈ ಕಾರಣದಿಂದ ತಪ್ಪು. ಮೇವು ಕಳಪೆಯಾದಷ್ಟೂ ದನವು ತಿನ್ನುವುದೂ ಕಡಮೆಯಾಗುತ್ತದೆ. ಮುಂದೆ ಬಣವೆಯಿದ್ದರೂ ದನವು ಅರೆಹೊಟ್ಟೆಯಲ್ಲಿರುವುದರ ರಹಸ್ಯವಿದು.

ಇದರಿಂದ ಮಂದೆಯ ಸಂಖ್ಯೆಯು ಹೇಗೆ ಇಳಿಯುವುದೆಂಬುದನ್ನೂ ಗಮನಿಸತಕ್ಕದ್ದು. ಮೊದಲು ಸಾವು ಕಾಣಿಸಿಕೊಳ್ಳುವುದಿಲ್ಲ; ಮೊದಲು ಹುಟ್ಟು ಕಡಮೆಯಾಗುತ್ತದೆ. ೧೦೦ ಹಸುಗಳಿರುವ ಮಂದೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಮೇವು ಒಳ್ಳೆಯದಾಗಿರುವಾಗ ವರ್ಷಕ್ಕೆ ೬೦ ಕರುಗಳು ಹುಟ್ಟಿ, ಅವುಗಳಲ್ಲಿ ೩೦ ಹೆಣ್ಣುಗಳಾಗಿ, ೨೫ ಉಳಿದು ಹಸುಗಳಾಗುವುವೆಂದು ಇಟ್ಟುಕೊಂಡರೆ, ಮುಪ್ಪಿನಿಂದಲೂ ರೋಗದಿಂದಲೂ ಮಾರಾಟದಿಂದಲೂ ೧೫ ಹಸುಗಳು ಹೋದರೂ ಮಂದೆಯು ವರ್ಷಕ್ಕೆ ೧೦ರಂತೆ ಬೆಳೆಯುತ್ತದೆ. ಮೇವು ಕಳಪೆಯಾಗಿ ೩೫ ಕರುಗಳು ಮಾತ್ರ ಹುಟ್ಟಿ, ೧೭ ಹೆಣ್ಣುಗರುಗಳಲ್ಲಿ ೧೦ ಮಾತ್ರ ಉಳಿದರೆ, ಅದೇ ೧೫ ಹಸುಗಳು ಹೋಗುತ್ತಿರಲಾಗಿ ಮಂದೆಯು ವರ್ಷಕ್ಕೆ ನೂರಕ್ಕೆ ೫ರಂತೆ ಕುಗ್ಗುತ್ತದೆ. ಯಾವ ಒಂದು ವರ್ಷದಲ್ಲಿಯೂ ರೈತನಿಗೆ ದೊಡ್ಡ ನಷ್ಟವು ಕಾಣುವುದಿಲ್ಲ. ಆದರೆ ಹದಿನಾಲ್ಕು ವರ್ಷಗಳಲ್ಲಿ ಮಂದೆಯು ಅರ್ಧಕ್ಕೆ ಇಳಿದಿರುತ್ತದೆ.

೩. ಕನಿಷ್ಠಾಂಶದ ನಿಯಮವೂ ಸರೋವರದ ದೃಷ್ಟಾಂತವೂ

ಗಿಡಗಳ ಬೆಳವಣಿಗೆಯು ಅವುಗಳಿಗೆ ಬೇಕಾದ ಆಹಾರಾಂಶಗಳಲ್ಲಿ ಯಾವುದು ಅವಶ್ಯಕ್ಕಿಂತ ಅತ್ಯಂತ ಕಡಮೆಯಾಗಿದೆಯೋ ಅದರಿಂದಲೇ ನಿರ್ಧಾರವಾಗುತ್ತದೆ ಎಂಬ ನಿಯಮವು ಬೇಸಾಯಶಾಸ್ತ್ರವನ್ನು ಓದಿದವರಿಗೆಲ್ಲ ಪರಿಚಿತವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಎಂಬವನು ಇದನ್ನು ಸೂಚಿಸಿದನು. ಲೀಬಿಗ್ ಎಂಬವನು ಇದನ್ನು ಪ್ರಚುರಪಡಿಸಿದನು. ಹಲಗೆಗಳಿಂದ ಮಾಡಿದ ಪೀಪಾಯಿಯಲ್ಲಿ ನೀರು ನಿಲ್ಲುವುದು ಅತ್ಯಂತ ಗಿಡ್ಡ ಹಲಗೆಯ ಮಟ್ಟಕ್ಕೇ ಹೊರತು ಉದ್ದ ಹಲಗೆಯ ಮಟ್ಟಕ್ಕಲ್ಲ. ಈ ನಿಯಮವನ್ನು ಮೇಯುವ ಪ್ರಾಣಿಗಳಿಗೂ ಅನ್ವಯಿಸಿ ಸಮೀಕರಣದಲ್ಲಿ ಸೇರಿಸಿದುದೇ ಇತ್ತೀಚಿನ ಮುಖ್ಯ ಪ್ರಗತಿ.

೨೦೦೦ದಲ್ಲಿ ಅಮೆರಿಕದಲ್ಲಿ ಲೊಲಾಡ್ಜೆ, ಕುವಾಂಗ್, ಎಲ್ಸರ್ ಎಂಬ ಮೂವರು ಶಾಸ್ತ್ರಜ್ಞರು ಇಂಥ ಒಂದು ಗಣಿತದ ಮಾದರಿಯನ್ನು ಪ್ರಕಟಿಸಿದರು. ಅದರಲ್ಲಿರುವುದು ಸರೋವರದ ಪಾಚಿಯೂ, ಅದನ್ನು ಮೇಯುವ ನೀರಿನ ಚಿಗಟವೆಂಬ ಅತಿ ಸಣ್ಣ ಪ್ರಾಣಿಯೂ. ಅಲ್ಲಿ ಸತ್ವದ ಅಳತೆಯು ರಂಜಕ. ಸರೋವರದಲ್ಲಿರುವ ಒಟ್ಟು ರಂಜಕವು ನಿಯತವಾದುದು. ಅದರಲ್ಲಿ ಒಂದು ಪಾಲು ಪ್ರಾಣಿಗಳ ಮೈಯಲ್ಲಿರುತ್ತದೆ, ಉಳಿದುದು ಪಾಚಿಯಲ್ಲಿರುತ್ತದೆ. ಪ್ರಾಣಿಯು ತಿಂದುದರಲ್ಲಿ ಎಷ್ಟು ಪಾಲು ಅದರ ಮೈಗೆ ಹತ್ತುವುದೆಂಬುದನ್ನು ಈ ರೀತಿ ನಿರ್ಧರಿಸುತ್ತಾರೆ: ಪಾಚಿಯ ರಂಜಕಾಂಶವನ್ನು ಪ್ರಾಣಿಗೆ ಬೇಕಾದ ರಂಜಕಾಂಶದಿಂದ ಭಾಗಿಸಬೇಕು, ಬಂದ ಲಬ್ಧ, ಅಥವಾ ೧, ಇವೆರಡರಲ್ಲಿ ಯಾವುದು ಚಿಕ್ಕದೋ ಅದನ್ನು ತೆಗೆದುಕೊಳ್ಳಬೇಕು. ಮೇವು ಸತ್ವಯುತವಾಗಿದ್ದರೆ ೧ ಬರುತ್ತದೆ, ಎಂದರೆ ತಿಂದುದರಿಂದ ಪೂರ್ಣ ಪ್ರಯೋಜನ. ಸತ್ವವು ಬೇಕಾದುದರ ಅರ್ಧವಾಗಿದ್ದರೆ ಪ್ರಯೋಜನವೂ ಅರ್ಧ.

ಇಷ್ಟು ಸಣ್ಣ ತಿದ್ದುಪಾಟಿನಿಂದ ಆಶ್ಚರ್ಯಕರವಾದ ಫಲವು ದೊರೆಯಿತು. ಸರೋವರಕ್ಕೆ ಬೀಳುವ ಬೆಳಕನ್ನು ಲೆಕ್ಕದಲ್ಲಿ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದರೆ ಮೊದಲು ಪಾಚಿಯೂ ಪ್ರಾಣಿಗಳೂ ಒಂದು ಸಮತೋಲನದಲ್ಲಿರುತ್ತವೆ. ಅನಂತರ ಎರಡೂ ಏರಿಳಿಯತೊಡಗುತ್ತವೆ. ಬೆಳಕು ಇನ್ನೂ ಹೆಚ್ಚಿದಾಗ ಪುನಃ ಸ್ಥಿರತೆಯು ಬರುತ್ತದೆ; ಆದರೆ ಈಗ ಪಾಚಿಯು ಹೇರಳವಾಗಿದ್ದು ಪ್ರಾಣಿಗಳು ವಿರಳವಾಗುತ್ತವೆ. ಕೊನೆಗೆ ಆಹಾರದ ಸಮೃದ್ಧಿಯ ನಡುವೆಯೇ ಪ್ರಾಣಿಗಳು ನಿರ್ಮೂಲವಾಗುತ್ತವೆ. ಇದರ ಕಾರಣವು ಸುಲಭವಾಗಿ ತಿಳಿಯುವಂಥದು. ಬೆಳಕಿನಿಂದ ಗಿಡವು ಇಂಗಾಲವನ್ನು ಕೂಡಿಟ್ಟುಕೊಳ್ಳುತ್ತದೆ. ಆದರೆ ಬೆಳಕಿನಿಂದ ರಂಜಕವು ಹುಟ್ಟುವುದಿಲ್ಲ. ಇದ್ದ ರಂಜಕವೇ ಹೆಚ್ಚು ಪಾಚಿಯಲ್ಲಿ ಹಂಚಿಹೋಗಿ ಪ್ರತಿಯೊಂದು ತುತ್ತೂ ಸಪ್ಪೆಯಾಗುತ್ತದೆ. ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ಉರಾಬೆ ಮತ್ತು ಸ್ಟರ್ನರ್ ಎಂಬವರು ೧೯೯೬ರಲ್ಲಿಯೇ ಪ್ರಯೋಗದ ಮೂಲಕ, ರಂಜಕವು ಕೊರತೆಯಾಗಿರುವ ನೀರಿನಲ್ಲಿ ಬೆಳಕನ್ನು ಅತಿಯಾಗಿ ಹೆಚ್ಚಿಸಿದಾಗ ಪಾಚಿಯು ಹೆಚ್ಚಿದರೂ ನೀರಿನ ಚಿಗಟಗಳ ಬೆಳವಣಿಗೆಯು ಕುಗ್ಗುವುದನ್ನು ತೋರಿಸಿದ್ದರು.

ಸರೋವರದ ಈ ಪಾಠವು ಹುಲ್ಲುಗಾವಲಿಗೂ ಸಲ್ಲುತ್ತದೆ. ಒಂದು ಎಕರೆಯ ಹುಲ್ಲಿನಲ್ಲಿ ಒಟ್ಟು ೭೦ ಕಿಲೋ ಪ್ರೋಟೀನು ಇದೆಯೆಂದೂ, ಮಣ್ಣಿನಲ್ಲಿ ಇನ್ನು ಹೆಚ್ಚಿನ ಸಾರಜನಕವಿಲ್ಲವೆಂದೂ ಇಟ್ಟುಕೊಳ್ಳಬಹುದು. ಹುಲ್ಲು ೭೦೦ ಕಿಲೋ ಇರುವಾಗ ಅದರ ಪ್ರೋಟೀನು ನೂರಕ್ಕೆ ೧೦. ಹುಲ್ಲು ೧೦೦೦ ಕಿಲೋ ಆದಾಗ ೭. ಕಾಂಡವು ಬಲಿತು ಹುಲ್ಲು ೧೭೫೦ ಕಿಲೋ ಆದಾಗ ೪. ಮೇಲಿನ ಕನಿಷ್ಠಾಂಶದ ನಿಯಮದಂತೆ ೪ನ್ನು ೭ರಿಂದ ಭಾಗಿಸಿ ೧೭೫೦ಕ್ಕೆ ಗುಣಿಸಿದರೆ ಬರುವುದು ೧೦೦೦ ಮಾತ್ರ. ಎಂದರೆ ಹುಲ್ಲಿನ ರಾಶಿಯು ೭೫೦ ಕಿಲೋ ಹೆಚ್ಚಿದರೂ ದನದ ಪಾಲಿಗೆ ಏನೂ ಹೆಚ್ಚಲಿಲ್ಲ. ಅದನ್ನು ಅಗಿಯುವ, ಹೊರುವ, ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶ್ರಮವನ್ನೂ, ಮೇಯುವುದೇ ಕಡಮೆಯಾಗುವುದನ್ನೂ ಸೇರಿಸಿದರೆ ನಷ್ಟವೇ ಆಯಿತೆನ್ನಬೇಕು.

೪. ಒಂದು ದ್ವೀಪದ ಅನುಭವ

ಕೊರತೆಯ ಅಂಶವನ್ನು ಬಿಟ್ಟು ಒಟ್ಟು ಸಸ್ಯರಾಶಿಯನ್ನು ನೋಡುವುದರಿಂದ ಏನಾಗುವುದೆಂಬುದಕ್ಕೆ ಅಲಾಸ್ಕ ಪ್ರಾಂತ್ಯಕ್ಕೆ ಸೇರಿದ ಸೇಂಟ್ ಮ್ಯಾಥ್ಯೂ ದ್ವೀಪದ ವೃತ್ತಾಂತವು ಪ್ರಸಿದ್ಧವಾದ ನಿದರ್ಶನ. ೧೯೪೪ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ದಳದವರು ಆ ದ್ವೀಪದಲ್ಲಿ ೨೯ ಹಿಮಸಾರಂಗಗಳನ್ನು ತಂದು ಬಿಟ್ಟರು. ಅಲ್ಲಿ ಅವುಗಳನ್ನು ಹಿಡಿದು ತಿನ್ನುವ ತೋಳಗಳಿರಲಿಲ್ಲ. ಬಂಡೆಯ ಮೇಲೂ ನೆಲದ ಮೇಲೂ ಕಲ್ಲುಹೂವು ದಪ್ಪವಾಗಿ ಹಬ್ಬಿದ್ದಿತು. ಈ ಕಲ್ಲುಹೂವಿನಲ್ಲಿ ಪ್ರೋಟೀನು ಅಲ್ಪವಾದರೂ ಸುಲಭವಾಗಿ ಜೀರ್ಣವಾಗಿ ಮೈಗೆ ಕಾವು ಕೊಡುವ ಅಂಶವು ಹೆಚ್ಚು. ಚಳಿಗಾಲದಲ್ಲಿ ಹಿಮಸಾರಂಗಗಳನ್ನು ದಡ ಸೇರಿಸುವ ಮೇವು ಇದು.

ಡೇವಿಡ್ ಕ್ಲೈನ್ ಎಂಬ ಜೀವಶಾಸ್ತ್ರಜ್ಞರು ನಡೆಸಿದ ಎಣಿಕೆಯಲ್ಲಿ ೧೯೫೭ರಲ್ಲಿ ೧,೩೫೦ ಪ್ರಾಣಿಗಳೂ, ೧೯೬೩ರಲ್ಲಿ ೬,೦೦೦ ಪ್ರಾಣಿಗಳೂ ಕಂಡುಬಂದುವು. ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಇದು ಏಳಿಗೆಯಂತೆ ತೋರಬಹುದಾಗಿತ್ತು. ಆದರೆ ಆ ಆರು ವರ್ಷಗಳಲ್ಲಿ ಪ್ರಾಯದ ಹೆಣ್ಣುಗಳ ತೂಕವು ನೂರಕ್ಕೆ ೩೮ರಷ್ಟೂ ಗಂಡುಗಳ ತೂಕವು ನೂರಕ್ಕೆ ೪೩ರಷ್ಟೂ ಇಳಿದಿದ್ದಿತು. ನೂರು ಪ್ರಾಯದ ಹೆಣ್ಣುಗಳಿಗೆ ೭೫ ಇದ್ದ ಮರಿಗಳು ೬೦ಕ್ಕೂ, ೪೫ ಇದ್ದ ಒಂದು ವರ್ಷದ ಪ್ರಾಣಿಗಳು ೨೬ಕ್ಕೂ ಇಳಿದಿದ್ದುವು. ಕಲ್ಲುಹೂವು ತೀರಿಹೋಗುತ್ತಿದ್ದಿತು, ಅದರ ಸ್ಥಳದಲ್ಲಿ ಹುಲ್ಲುಜಾತಿಯ ಗಿಡಗಳು ಹಬ್ಬುತ್ತಿದ್ದುವು. ದ್ವೀಪವು ಬರಡಾಗಿರಲಿಲ್ಲ. ಚಳಿಗಾಲಕ್ಕೆ ಬೇಕಾದ ಮೇವು ಮಾತ್ರ ಇಲ್ಲವಾಗಿದ್ದಿತು. ೧೯೬೩-೬೪ರ ಚಳಿಗಾಲವು ತೀವ್ರವಾಗಿ ಹಿಮವು ಅಧಿಕವಾಗಿ ಬೀಳಲು ಮಂದೆಯು ಒಮ್ಮೆಗೇ ನಾಶವಾಯಿತು. ೧೯೬೬ರಲ್ಲಿ ಉಳಿದಿದ್ದುವು ೪೨ ಪ್ರಾಣಿಗಳು ಮಾತ್ರ. ಅವುಗಳಲ್ಲಿ ಗಂಡು ಒಂದೇ ಒಂದು.

ಈ ವೃತ್ತಾಂತದಿಂದ ಎರಡು ವಿಷಯಗಳು ತಿಳಿಯಬರುತ್ತವೆ. ಮೊದಲನೆಯದು, ಧಾರಣಶಕ್ತಿಯನ್ನು ವರ್ಷದ ಒಳ್ಳೆಯ ಕಾಲದ ಮೇವಿನಿಂದ ಅಳೆಯದೆ ಕಷ್ಟಕಾಲದ ಮೇವಿನಿಂದ ಅಳೆಯತಕ್ಕದ್ದು. ಅಲ್ಲಿ ಕಷ್ಟಕಾಲವು ಚಳಿಗಾಲ. ಬಯಲುಸೀಮೆಯಲ್ಲಿ ಅದು ಬೇಸಗೆ. ಎರಡನೆಯದು, ಮಂದೆಯ ಸಂಖ್ಯೆಯು ಎಚ್ಚರಿಕೆಯನ್ನು ಕೊಡುವುದಕ್ಕೆ ಬಹಳ ಮುಂಚೆಯೇ ರಾಸುಗಳ ಮೈಯೂ ಕರುಗಳ ಎಣಿಕೆಯೂ ಎಚ್ಚರಿಕೆಯನ್ನು ಕೊಡುತ್ತವೆ.

೫. ಗೋಮಾಳದ ಲೆಕ್ಕ

ಅಮೆರಿಕದ ಹಾಬ್ಸ್ ಮತ್ತು ಸ್ವಿಫ್ಟ್ ಎಂಬವರು ೧೯೮೫ರಲ್ಲಿ ಕಾಡುಪ್ರಾಣಿಗಳ ವಿಷಯವಾಗಿ ಒಂದು ಲೆಕ್ಕದ ಕ್ರಮವನ್ನು ಸೂಚಿಸಿದರು. ದೊರೆಯುವ ಮೇವನ್ನೆಲ್ಲ ಒಟ್ಟಿಗೆ ಕೂಡಿಸದೆ, ಅದರಿಂದ ಗೊತ್ತಾದ ಸತ್ವವುಳ್ಳ ಮಿಶ್ರಣವನ್ನು ಎಷ್ಟು ಮಾಡಬಹುದೆಂದು ಕಂಡುಹಿಡಿದು, ಆ ಮಿಶ್ರಣದಿಂದ ಎಷ್ಟು ಪ್ರಾಣಿಗಳು ಬದುಕಬಹುದೆಂದು ಎಣಿಸುವುದೇ ಈ ಕ್ರಮ. ಇದನ್ನು ಒಂದು ಕಲ್ಪಿತ ಗೋಮಾಳಕ್ಕೆ ಅನ್ವಯಿಸಿ ನೋಡಬಹುದು.

ಒಂದು ಗ್ರಾಮದಲ್ಲಿ ಬೇಸಗೆಯ ೧೨೦ ದಿನಗಳಿಗೆ ಒಣ ತೂಕದಲ್ಲಿ ೧೦೦ ಟನ್ನು ಕರಡವೂ, ಕೆರೆಯಂಗಳದ ಹಸಿ ಹುಲ್ಲು, ಮರದ ಸೊಪ್ಪು, ಕಾಳಿನ ಬೆಳೆಗಳ ಹೊಟ್ಟು ಮುಂತಾದ ಉತ್ತಮ ಮೇವು ೨೦ ಟನ್ನೂ ಇವೆಯೆಂದು ಇಟ್ಟುಕೊಳ್ಳಬೇಕು. ಕರಡದಲ್ಲಿ ಪ್ರೋಟೀನು ನೂರಕ್ಕೆ ೪. ಉತ್ತಮ ಮೇವಿನಲ್ಲಿ ನೂರಕ್ಕೆ ೧೩. ರಾಸೊಂದಕ್ಕೆ ದಿನಕ್ಕೆ ೬ ಕಿಲೋ ಒಣ ಮೇವು ಬೇಕು. ೧೨೦ ದಿನಕ್ಕೆ ೭೨೦ ಕಿಲೋ.

ತೂಕವನ್ನು ಮಾತ್ರ ನೋಡಿದರೆ ಒಟ್ಟು ೧೨೦ ಟನ್ನು ಮೇವು ೧೬೬ ರಾಸುಗಳಿಗೆ ಸಾಕಾಗುತ್ತದೆ. ಆದರೆ ಎಲ್ಲವನ್ನೂ ಬೆರೆಸಿದರೆ ಪ್ರೋಟೀನು ನೂರಕ್ಕೆ ೫.೫ ಮಾತ್ರ ಬರುತ್ತದೆ. ಇದು ೭ಕ್ಕಿಂತ ಕಡಮೆ. ಈಗ ೭ನ್ನು ಮಟ್ಟವಾಗಿಟ್ಟುಕೊಂಡು ಲೆಕ್ಕ ಹಾಕಬೇಕು. ಕರಡವು ಈ ಮಟ್ಟಕ್ಕಿಂತ ೩ ಕೆಳಗಿದೆ. ಉತ್ತಮ ಮೇವು ೬ ಮೇಲಿದೆ. ಆದಕಾರಣ ಒಂದು ಟನ್ನು ಉತ್ತಮ ಮೇವಿನ ಹೆಚ್ಚುವರಿಯು ಎರಡು ಟನ್ನು ಕರಡದ ಕೊರತೆಯನ್ನು ತುಂಬುತ್ತದೆ. ೨೦ ಟನ್ನು ಉತ್ತಮ ಮೇವು ೪೦ ಟನ್ನು ಕರಡವನ್ನು ಎತ್ತಿಕೊಳ್ಳುತ್ತದೆ. ಮಿಶ್ರಣವು ೬೦ ಟನ್ನು. ಅದರಿಂದ ಸಾಕಬಹುದಾದ ರಾಸುಗಳು ೮೩. ಉಳಿದ ೬೦ ಟನ್ನು ಕರಡವು ಕಣ್ಣಿಗೆ ಮೇವಾಗಿ ಕಂಡರೂ ಈ ಮಟ್ಟದಲ್ಲಿ ಒಂದು ರಾಸನ್ನೂ ಹೆಚ್ಚಾಗಿ ಸಾಕಲಾರದು.

ಹಾಲು ಕರೆಯುವ ರಾಸುಗಳಿಗಾಗಿ ಮಟ್ಟವನ್ನು ೧೦ಕ್ಕೆ ಏರಿಸಿದರೆ ಹೆಚ್ಚುವರಿಯು ೩, ಕೊರತೆಯು ೬. ೨೦ ಟನ್ನು ಉತ್ತಮ ಮೇವು ೧೦ ಟನ್ನು ಕರಡವನ್ನು ಮಾತ್ರ ಎತ್ತಿಕೊಳ್ಳುತ್ತದೆ. ಸಾಕಬಹುದಾದ ರಾಸುಗಳು ೪೧. ಹೀಗೆ ಅದೇ ಗ್ರಾಮದ ಅದೇ ಮೇವಿನಿಂದ ಬಡಕಲು ರಾಸುಗಳಾದರೆ ೧೬೬, ಮೈ ಹಿಡಿದ ರಾಸುಗಳಾದರೆ ೮೩, ಹಾಲು ಕೊಡುವ ರಾಸುಗಳಾದರೆ ೪೧. ಎಷ್ಟು ರಾಸುಗಳನ್ನು ಸಾಕಬಹುದು ಎಂದು ಕೇಳುವಾಗ ಎಂಥ ರಾಸುಗಳನ್ನು ಎಂಬುದನ್ನೂ ಕೇಳದಿದ್ದರೆ ಪ್ರಶ್ನೆಯೇ ಪೂರ್ಣವಾಗುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೂ ಮೂರು ಸಂಗತಿಗಳು ಅಡಗಿರುವುವು.

ಮೊದಲನೆಯದು, ಹೆಚ್ಚಿನ ಮೇವಿನ ಬೆಲೆ. ೭ರ ಮಟ್ಟದಲ್ಲಿ ಇನ್ನೊಂದು ಟನ್ನು ಕರಡವನ್ನು ಎಲ್ಲಿಂದಲಾದರೂ ತಂದರೆ ಹೆಚ್ಚುವ ರಾಸುಗಳ ಸಂಖ್ಯೆಯು ಸೊನ್ನೆ. ಇನ್ನೊಂದು ಟನ್ನು ಉತ್ತಮ ಮೇವನ್ನು ತಂದರೆ ಅದು ಎರಡು ಟನ್ನು ಕರಡವನ್ನು ಜೊತೆಗೂಡಿಸಿಕೊಂಡು ೪ ರಾಸುಗಳನ್ನು ಸಾಕುತ್ತದೆ. ನೂರಕ್ಕೆ ೪೦ ಪ್ರೋಟೀನುಳ್ಳ ಕಡಲೆಕಾಯಿ ಹಿಂಡಿಯನ್ನು ಒಂದು ಟನ್ನು ತಂದರೆ ಅದು ೧೧ ಟನ್ನು ಕರಡವನ್ನು ಎತ್ತಿಕೊಂಡು ೧೬ ರಾಸುಗಳನ್ನು ಸಾಕುತ್ತದೆ. ಮೇಲ್ಕಂಡ ಗ್ರಾಮದಲ್ಲಿ ಐದೂವರೆ ಟನ್ನು ಹಿಂಡಿಯಿದ್ದರೆ ಕರಡವೆಲ್ಲವೂ ಸಾರ್ಥಕವಾಗುವುದು. ೧೬೬ ರಾಸುಗಳಿಗೆ ಹಂಚಿದರೆ ಇದು ರಾಸೊಂದಕ್ಕೆ ದಿನಕ್ಕೆ ಕಾಲು ಕಿಲೋಗಿಂತ ತುಸು ಹೆಚ್ಚು ಮಾತ್ರ.

ಎರಡನೆಯದು, ಹುಲ್ಲು ಕೊಯ್ಯುವ ಕಾಲ. ಹುಲ್ಲು ಬಲಿತು ಒಣಗುವವರೆಗೆ ಕಾಯದೆ ಹೂ ಬಿಡುವಾಗಲೇ ಕೊಯ್ದು ಒಣಗಿಸಿದುದರಿಂದ ೧೦೦ ಟನ್ನಿಗೆ ಬದಲಾಗಿ ೮೦ ಟನ್ನು ಮಾತ್ರ ದೊರೆತು, ಅದರ ಪ್ರೋಟೀನು ೪ಕ್ಕೆ ಬದಲಾಗಿ ೬ ಇದ್ದಿತೆಂದು ಇಟ್ಟುಕೊಳ್ಳಬೇಕು. ಇದನ್ನು ೨೦ ಟನ್ನು ಉತ್ತಮ ಮೇವಿನೊಡನೆ ಬೆರೆಸಿದರೆ ಒಟ್ಟು ೧೦೦ ಟನ್ನಿನ ಪ್ರೋಟೀನು ನೂರಕ್ಕೆ ೭.೪ ಆಗುತ್ತದೆ. ಇಡೀ ಮೇವು ಉಪಯೋಗಕ್ಕೆ ಬಂದು ೧೩೮ ರಾಸುಗಳು ಬೇಸಗೆ ದಾಟುತ್ತವೆ. ಬಣವೆಯು ಐದರಲ್ಲಿ ಒಂದು ಪಾಲು ಚಿಕ್ಕದಾಯಿತು. ರಾಸುಗಳು ೮೩ರಿಂದ ೧೩೮ಕ್ಕೆ ಏರಿದುವು. ಸರೋವರದ ಪಾಚಿಯಲ್ಲಿ ಕಂಡ ವಿಪರೀತವನ್ನೇ ಇಲ್ಲಿ ಅನುಕೂಲಕ್ಕೆ ತಿರುಗಿಸಿಕೊಂಡಂತಾಯಿತು.

ಮೂರನೆಯದು, ತಡೆಯಿಲ್ಲದೆ ಮೇಯಲು ಬಿಡುವುದರ ಫಲ. ದನಗಳು ಮಿಶ್ರಣ ಮಾಡಿಕೊಂಡು ಮೇಯುವುದಿಲ್ಲ. ರುಚಿಯಾದುದನ್ನು ಮೊದಲು ತಿನ್ನುತ್ತವೆ. ೧೬೬ ರಾಸುಗಳನ್ನು ಒಟ್ಟಿಗೆ ಬಿಟ್ಟರೆ ದಿನಕ್ಕೆ ಸುಮಾರು ಒಂದು ಟನ್ನು ಮೇವು ಖರ್ಚಾಗುತ್ತದೆ. ಉತ್ತಮ ಮೇವು ೨೦ ದಿನಗಳಲ್ಲಿ ತೀರಿಹೋಗಿ, ಉಳಿದ ೧೦೦ ದಿನಗಳನ್ನು ನೂರಕ್ಕೆ ೪ರ ಕರಡದ ಮೇಲೆ ಕಳೆಯಬೇಕಾಗುವುದು. ಬೇಸಗೆಯ ಮೊದಲಲ್ಲಿ ದನಗಳು ಹುಷಾರಾಗಿದ್ದು ಕೊನೆಯಲ್ಲಿ ಹಠಾತ್ತಾಗಿ ಬಿದ್ದುಹೋಗುವುದಕ್ಕೆ ಇದೇ ಕಾರಣ.

೬. ಲೆಕ್ಕದ ಮಿತಿಗಳು

ಯಾವ ಲೆಕ್ಕವನ್ನಾಗಲಿ ಕುರುಡಾಗಿ ಅನುಸರಿಸತಕ್ಕದ್ದಲ್ಲ. ಮೇಲಿನ ಗೋಮಾಳದ ಅಂಕಿಗಳು ವಿವರಣೆಗಾಗಿ ಕಲ್ಪಿಸಿದುವು. ಪ್ರತಿಯೊಂದು ಗ್ರಾಮದಲ್ಲಿಯೂ ಅವು ಬೇರೆಯಾಗುತ್ತವೆ. ಪ್ರೋಟೀನು ಸಾಕಷ್ಟಿದ್ದರೂ ನೀರು, ಉಪ್ಪು, ರಂಜಕ ಇವುಗಳಲ್ಲಿ ಯಾವುದಾದರೊಂದು ಕೊರತೆಯಾದರೆ ಅದೇ ಗಿಡ್ಡ ಹಲಗೆಯಾಗುತ್ತದೆ. ರೋಗರುಜಿನಗಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಒಂದು ಪ್ರಾಣಿಗೆ ಕಳಪೆಯಾದುದು ಮತ್ತೊಂದಕ್ಕೆ ಹಿತವಾಗಿರಬಹುದೆಂಬುದನ್ನೂ ಮರೆಯಕೂಡದು. ಚೀನಾ ದೇಶದ ಒಳ ಮಂಗೋಲಿಯ ಪ್ರಾಂತ್ಯದ ಹುಲ್ಲುಗಾವಲುಗಳಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಕುರಿಗಳನ್ನು ಅತಿಯಾಗಿ ಮೇಯಿಸಿದ ನೆಲದ ಹುಲ್ಲಿನಲ್ಲಿ ಸಾರಜನಕವು ಕಡಮೆಯಾಗುವುದೆಂದೂ, ಅಂಥ ಹುಲ್ಲಿನ ಮೇಲೆಯೇ ಅಲ್ಲಿನ ಒಂದು ಜಾತಿಯ ಮಿಡತೆಯು ಚೆನ್ನಾಗಿ ಬೆಳೆಯುವುದೆಂದೂ ಗೊತ್ತಾಯಿತು. ಅತಿಯಾಗಿ ಮೇಯಿಸಿದವರು ತಮ್ಮ ಮಂದೆಯನ್ನು ಬಡವಾಗಿಸಿಕೊಳ್ಳುವುದಲ್ಲದೆ ಮಿಡತೆಗೂ ಔತಣವನ್ನು ಬಡಿಸಿದಂತಾಗುತ್ತದೆ.

೭. ರೈತರು ಅನುಸರಿಸಬೇಕಾದ ಕ್ರಮಗಳು

ಮೇವಿನ ಸತ್ವವು ಕಾಲಕ್ಕೂ ಸ್ಥಳಕ್ಕೂ ತಕ್ಕಂತೆ ಬದಲಾಗುವುದೆಂಬ ತಿಳಿವಳಿಕೆಯು ಈ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ಇಲಾಖೆಯವರು ತಮ್ಮ ಕಾವಲುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂಬುದಾಗಿ ವಿಂಗಡಿಸಿ, ಕಾಲಕ್ಕೆ ಸರಿಯಾಗಿ ಮಂದೆಗಳನ್ನು ಒಂದರಿಂದ ಮತ್ತೊಂದಕ್ಕೆ ಸಾಗಿಸುತ್ತಿದ್ದರು. ನೀರೂ ನೆರಳೂ ಇರುವ ಕಾವಲುಗಳನ್ನು ಬೇಸಗೆಗಾಗಿ ಕಾದಿರಿಸುತ್ತಿದ್ದರು. ಇಂದಿನ ಗಣಿತವು ಹೇಳುವುದು ಇದಕ್ಕೆ ವಿರುದ್ಧವಾದುದಲ್ಲ. ಅದೇ ವಿವೇಕವನ್ನು ಅಂಕಿಗಳಿಂದ ಸಮರ್ಥಿಸುತ್ತದೆ. ಅದಕ್ಕೆ ಅನುಗುಣವಾಗಿ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು:

(೧) ಹುಲ್ಲನ್ನು ಹೂ ಬಿಡುವ ಕಾಲದಲ್ಲಿ ಕೊಯ್ದು ನೆರಳುಬಿಸಿಲಿನಲ್ಲಿ ಒಣಗಿಸಿ ಬಣವೆ ಹಾಕತಕ್ಕದ್ದು. ಹುಲ್ಲಿನ ಬೀಜವು ನಷ್ಟವಾಗದಂತೆ ಕಾವಲಿನ ನಾಲ್ಕನೆಯ ಒಂದು ಪಾಲನ್ನು ವರ್ಷ ವರ್ಷವೂ ಸರದಿಯಂತೆ ಬೀಜಕ್ಕೆ ಬಿಡುವುದು ಒಳ್ಳೆಯದು.

(೨) ಹುರುಳಿ, ಅವರೆ, ತೊಗರಿ, ಅಲಸಂದೆಗಳ ಹೊಟ್ಟನ್ನೂ ಕಡಲೆಕಾಯಿಯ ಬಳ್ಳಿಯನ್ನೂ ಸುಗ್ಗಿಯ ಕಾಲದಲ್ಲಿಯೇ ತಿನ್ನಿಸಿ ಮುಗಿಸದೆ, ಒಣಹುಲ್ಲಿನೊಡನೆ ಬೆರೆಸಿ ಕೊಡುವುದಕ್ಕಾಗಿ ಬೇಸಗೆಗೆ ಉಳಿಸ ತಕ್ಕದ್ದು.

(೩) ಬದುಗಳ ಮೇಲೆ ಅಗಸೆ, ಹಾಲುವಾಣ, ಸುಬಾಬುಲ್ ಮುಂತಾದ ಮೇವಿನ ಮರಗಳನ್ನು ಬೆಳೆಸತಕ್ಕದ್ದು. ಸುಬಾಬುಲ್ ಸೊಪ್ಪನ್ನು ಇತರ ಮೇವಿನೊಡನೆ ಸ್ವಲ್ಪ ಸ್ವಲ್ಪವಾಗಿ ಮಾತ್ರ ಕೊಡಬೇಕು.

(೪) ಉತ್ತಮ ಮೇವೂ ಹಿಂಡಿಯೂ ಅಲ್ಪವಾಗಿರುವಾಗ ಅದನ್ನು ಮೊದಲ ದಿನಗಳಲ್ಲಿಯೇ ಖರ್ಚು ಮಾಡದೆ ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಕೊಡತಕ್ಕದ್ದು. ಗಬ್ಬದ ಹಸುಗಳಿಗೂ ಎಳೆಗರುಗಳಿಗೂ ಮೊದಲ ಪಾಲು ಸಲ್ಲಬೇಕು.

(೫) ಬತ್ತದ ಹುಲ್ಲನ್ನು ಯೂರಿಯದಿಂದ ಹದಮಾಡುವುದು ಇನ್ನೊಂದು ಉಪಾಯ. ೧೦೦ ಕಿಲೋ ಒಣಹುಲ್ಲಿಗೆ ೪ ಕಿಲೋ ಯೂರಿಯವನ್ನು ಸುಮಾರು ೫೦ ಲೀಟರು ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಪದರ ಪದರವಾಗಿ ಸಮನಾಗಿ ಚಿಮುಕಿಸಿ, ತುಳಿದು ಅದುಮಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡಬೇಕು. ತೆಗೆದ ಹುಲ್ಲನ್ನು ಗಾಳಿಗೆ ಹರಡಿ ಘಾಟು ಹೋದಮೇಲೆ ತಿನ್ನಿಸಬೇಕು. ಯೂರಿಯದ ನೀರನ್ನು ದನಗಳು ಕುಡಿದರೆ ಪ್ರಾಣಾಪಾಯವಾಗುವುದರಿಂದ ಬಹಳ ಎಚ್ಚರಿಕೆಯಿಂದಿರತಕ್ಕದ್ದು. ಆರು ತಿಂಗಳಿಗೆ ಕಡಮೆ ವಯಸ್ಸಿನ ಕರುಗಳಿಗೆ ಈ ಹುಲ್ಲನ್ನು ಕೊಡಕೂಡದು.

(೬) ಸಂಕ್ರಾಂತಿಯ ವೇಳೆಗೆ ಬೇಸಗೆಯ ಮೇವನ್ನು ಎರಡು ಗುಂಪಾಗಿ ಎಣಿಸಿ, ಮೇಲೆ ತೋರಿಸಿದ ಲೆಕ್ಕದಂತೆ ಎಷ್ಟು ರಾಸುಗಳಿಗೆ ಸಾಲುವುದೆಂದು ನೋಡಿಕೊಳ್ಳತಕ್ಕದ್ದು. ಮೇವನ್ನು ಉತ್ತಮಪಡಿಸುವ ದಾರಿಯಿಲ್ಲದಿದ್ದರೆ, ಹೆಚ್ಚಾದ ರಾಸುಗಳನ್ನು ಅವು ಮೈಯುಂಡು ಒಳ್ಳೆಯ ಬೆಲೆ ಬರುವ ಕಾಲದಲ್ಲಿಯೇ ಕೊಡುವುದು ಮೇಲು.

(೭) ಪ್ರತಿವರ್ಷವೂ ಎಷ್ಟು ಹಸುಗಳಿಗೆ ಎಷ್ಟು ಕರುಗಳು ಹುಟ್ಟಿದುವು, ಅವುಗಳಲ್ಲಿ ಎಷ್ಟು ವರ್ಷ ತುಂಬಿದುವು ಎಂಬುದನ್ನು ಬರೆದಿಡತಕ್ಕದ್ದು. ಈ ಎರಡು ಅಂಕಿಗಳು ಇಳಿಯತೊಡಗಿದರೆ, ಕೊಟ್ಟಿಗೆಯು ತುಂಬಿರುವಂತೆ ಕಂಡರೂ ಮೇವಿನ ಸತ್ವವು ಸಾಲದಾಗಿದೆಯೆಂದು ತಿಳಿಯತಕ್ಕದ್ದು.

ಮೇವನ್ನು ತೂಗುವುದರ ಜೊತೆಗೆ ಅದರ ಸತ್ವವನ್ನೂ ಎಣಿಸುವ ಅಭ್ಯಾಸವು ಗ್ರಾಮಗಳಲ್ಲಿ ಬೆಳೆದರೆ, ಈಗ ನಿರರ್ಥಕವಾಗಿ ಗಾಳಿಗೂ ಬೆಂಕಿಗೂ ಹೋಗುತ್ತಿರುವ ಕರಡದ ಬಹುಭಾಗವು ಹಾಲಾಗಿಯೂ ಗೊಬ್ಬರವಾಗಿಯೂ ಉಳುವ ಬಲವಾಗಿಯೂ ರೈತನ ಮನೆಯನ್ನು ಸೇರುವುದರಲ್ಲಿ ಸಂದೇಹವಿಲ್ಲ.